ತಪಾಸಣೆಯ ದಿನದ ಹೊಟ್ಟೆನೋವು

ಶಿಕ್ಷಕರ ಮೌಲ್ಯಮಾಪನ ಕಚೇರಿಯ ಮುಖ್ಯಸ್ಥರೇ,

‘ಮಾನ್ಯರೇ’ ಎಂದು ಶುರು ಮಾಡಬೇಕಂತೆ. ಅದು ನಿಮ್ಮ ಉತ್ತರ ಬಂದ ಮೇಲೆ ತೀರ್ಮಾನವಾಗಲಿ. ನಮ್ಮ ಬಡಾವಣೆಯ ಶಾಲೆಯ ಮೂರನೇ ತರಗತಿ ಶಿಕ್ಷಕಿಯ ಕೆಲಸ ‘ಅತೃಪ್ತಿಕರ’ ಎಂದು ನೀವು ಆದೇಶ ಹೊರಡಿಸಿದ್ದೀರಿ. ಬರುವ ಸೋಮವಾರದಿಂದ ಆಕೆ ಪಾಠ ಮಾಡುವಂತಿಲ್ಲ, ನಿಮ್ಮ ಕಚೇರಿಯಲ್ಲಿ ಕೂತು ಕಡತ ಜೋಡಿಸಬೇಕು. ಆಕೆ ಮಾಡಿದ ಅಪರಾಧ ಇಷ್ಟೇ: ನಿಮ್ಮ ಅಧಿಕಾರಿ ಬರುವ ದಿನ, ಓದಲು ಬಾರದ ಮಕ್ಕಳನ್ನು ಮನೆಯಲ್ಲಿ ಬಚ್ಚಿಡಿಸಲಿಲ್ಲ.

ನಾನು ಬಡಗಿ. ವಯಸ್ಸು ಎಪ್ಪತ್ತೊಂದು. ನಾಲ್ಕನೇ ತರಗತಿಗೇ ಶಾಲೆ ಬಿಟ್ಟು, ಆಮೇಲೆ ಅಂಗಡಿಗಳ ಫಲಕ, ಹಳೆಯ ಪತ್ರಿಕೆಗಳಿಂದ ಅಕ್ಷರ ಹೆಕ್ಕಿಕೊಂಡವನು. ಓದಿದವರಿಗೆ ಬುದ್ಧಿ ಹೇಳಲು ಇವನ್ಯಾರು ಎಂದು ಅನ್ನಿಸಿದರೆ ಅನ್ನಿಸಲಿ. ಆ ಶಾಲೆಯ ಬೆಂಚು, ಬಾಗಿಲು, ಕಿಟಕಿಗಳ ರಿಪೇರಿ ಇಪ್ಪತ್ತು ವರ್ಷದಿಂದ ನನ್ನದು. ನನ್ನ ಮಗಳ ಮಗಳು ಅದೇ ಮೂರನೇ ತರಗತಿಯಲ್ಲಿದ್ದಾಳೆ. ನಿಮ್ಮ ಅಧಿಕಾರಿ ಬಂದ ದಿನ ನಾನು ಆ ಕೋಣೆಯ ಹಿಂದಿನ ಸಾಲಿನಲ್ಲಿ, ಬೆಂಚಿನ ಕೆಳಗೆ ಮಲಗಿ ಮುರಿದ ಕಾಲು ಕೂರಿಸುತ್ತಿದ್ದೆ.

“ಯಜಮಾನ್ರೇ, ಸುತ್ತಿಗೆ ಸ್ವಲ್ಪ ನಿಲ್ಲಿಸ್ತೀರಾ? ಮೌಲ್ಯಮಾಪನ ನಡೀತಿದೆ” ಎಂದರು ಅಧಿಕಾರಿ.

“ಎಷ್ಟು ಹೊತ್ತು ಸ್ವಾಮಿ? ಇಲ್ಲಿ ಅಂಟು ಹಚ್ಚಿದೀನಿ, ಒಣಗಿಬಿಡುತ್ತೆ.”

“ನಿಮ್ಮ ಅಂಟು ಒಣಗೋದ್ರೊಳಗೆ ಮುಗಿಸ್ತೀನಿ ಬಿಡಿ.”

ಮಾತಿಗೆ ತಪ್ಪಲಿಲ್ಲ. ಹನ್ನೆರಡು ನಿಮಿಷ. ಗೋಡೆಯ ಚಿತ್ರಪಟ ಎಣಿಸಿದರು, ಪಾಠಯೋಜನೆಯ ಪುಸ್ತಕ ತಿರುವಿದರು, ಕೆಲವು ಮಕ್ಕಳನ್ನು ಎಬ್ಬಿಸಿ ಓದಿಸಿದರು. ನನ್ನ ಮೊಮ್ಮಗಳು ಮೂರನೇ ಪದಕ್ಕೆ ಮುಗ್ಗರಿಸಿ ನಿಂತಳು. ಅವರು ಬರೆದುಕೊಂಡರು. ಆಮೇಲೆ ಶಿಕ್ಷಕಿಯ ಮುಂದೆ ಒಂದು ನಮೂನೆ ಇಟ್ಟು, “ಓದೋಕೆ ಬಾರದವರ ಸಂಖ್ಯೆ ತುಂಬಿಡಿ, ಸಂಜೆ ತರಿಸ್ಕೋತೀನಿ” ಎಂದು ಹೊರಟರು. ನನ್ನ ಅಂಟು ಇನ್ನೂ ಹಸಿಯಾಗಿತ್ತು.

ಸಂಜೆ ಆಕೆ ಪೆನ್ನು ಹಿಡಿದು ಆ ನಮೂನೆಯ ಮುಂದೆ ಕೂತಿದ್ದಳು. “ಸೊನ್ನೆ ಬರೆದ್ರೆ ಎಲ್ಲರಿಗೂ ಆರಾಮ ಅಜ್ಜ. ಒಂಬತ್ತು ಅಂತ ನಿಜ ಬರೆದ್ರೆ ನನ್ನ ಕುತ್ತಿಗೆಗೇ ಬರುತ್ತೆ” ಎಂದಳು.

ನಾನು ರೇಗಿದೆ. “ಇದ್ದಿದ್ದನ್ನ ಇದ್ದ ಹಾಗೆ ಬರಿಯಮ್ಮ. ಬಾಗಿಲು ಚೌಕಟ್ಟಿಗೆ ಎಲ್ಲಿ ತಗಲುತ್ತೆ ಅಂತ ಹೇಳದೆ ಇದ್ರೆ ಉಜ್ಜೋದು ಎಲ್ಲಿ? ಮೇಲಿನವರೇನು ಅಷ್ಟು ದಡ್ಡರಾ?”

ಆಕೆ ಒಂಬತ್ತು ಎಂದು ಬರೆದಳು. ಮೇಲಿನವರು ದಡ್ಡರಲ್ಲ ಎಂದು ಅವತ್ತು ನಾನು ಕೊಟ್ಟ ಭರವಸೆಯನ್ನು ಈ ಪತ್ರದ ಮೂಲಕ ಬಹಿರಂಗವಾಗಿ ವಾಪಸ್ ಪಡೆಯುತ್ತಿದ್ದೇನೆ.

ಸ್ವಾಮಿ, ಆ ಮಕ್ಕಳು ಆಕೆಯ ಕೈಗೆ ಬಂದು ಆಗ ಎರಡು ತಿಂಗಳೂ ತುಂಬಿರಲಿಲ್ಲ. ಹೋದ ವರ್ಷ ಇದೇ ಮಕ್ಕಳು ಎರಡನೇ ತರಗತಿಯಲ್ಲಿ ಇನ್ನೊಬ್ಬ ಮೇಷ್ಟ್ರ ಹತ್ತಿರ ಇದ್ದರು. ಅವರ ನಮೂನೆಯಲ್ಲಿ ಓದಲು ಬಾರದವರು ಸೊನ್ನೆ. ಅವರಿಗೆ ನೀವು ಪ್ರಶಂಸಾಪತ್ರ ಕೊಟ್ಟಿರಿ. ಅದಕ್ಕೆ ಚೌಕಟ್ಟು ಹಾಕಿ ಮುಖ್ಯೋಪಾಧ್ಯಾಯರ ಕೋಣೆಯಲ್ಲಿ ಮೊಳೆ ಹೊಡೆದವನೂ ನಾನೇ. ಹಾಗಾದರೆ ಈ ಒಂಬತ್ತು ಮಕ್ಕಳು ಎಲ್ಲಿಂದ ಉದುರಿದರು? ರಜೆಯಲ್ಲಿ ಒಟ್ಟಿಗೆ ಕೂತು ಓದುವುದನ್ನು ಮರೆತರೇ? ನಿಮ್ಮ ಕಚೇರಿಯಲ್ಲಿ ಎರಡೂ ನಮೂನೆಗಳಿವೆ. ಅಕ್ಕಪಕ್ಕ ಇಟ್ಟು ನೋಡಲು ಪದವಿ ಬೇಕೇ? ನಾನು ಹಲಗೆ ಕೊಯ್ಯುವ ಮೊದಲು ಎರಡು ಸಲ ಅಳೆಯುತ್ತೇನೆ. ನೀವು ಒಂದೇ ಸಲ ಅಳೆದು ಮನುಷ್ಯರನ್ನು ಕೊಯ್ಯುತ್ತೀರಿ.

ಸೊನ್ನೆ ಹೇಗೆ ಬಂತು ಎಂದು ನನ್ನ ಮನೆಯಲ್ಲಿ ಎಲ್ಲರಿಗೂ ಗೊತ್ತು. ಹೋದ ವರ್ಷ ತಪಾಸಣೆಯ ಹಿಂದಿನ ದಿನ ಮೊಮ್ಮಗಳು ಬಂದು, “ನಾಳೆ ನಂಗೆ ಹೊಟ್ಟೆನೋವಂತೆ, ಮೇಷ್ಟ್ರು ಹೇಳಿದ್ರು” ಎಂದಳು. ಅವಳಮ್ಮ ನಕ್ಕಳು. ನನಗೆ ನಗು ಬರಲಿಲ್ಲ. ಅರವತ್ತು ವರ್ಷದ ಹಿಂದೆ ನನ್ನ ಮೇಷ್ಟ್ರು ಇದೇ ಮಾತು ಹೇಳಿದ್ದರು. “ಏ ಉದ್ದ, ನಾಳೆ ನಿಂಗೆ ಹೊಟ್ಟೆನೋವು, ಗೊತ್ತಾಯ್ತಾ?” ಮೊದಲ ಸಲ ಖುಷಿಯಾಗಿ ದಿನವಿಡೀ ಆಡಿದೆ. ಎರಡನೇ ಸಲ ಅಪ್ಪನಿಗೆ ಸುಳ್ಳು ಹೇಳಿ ಹೊಡೆತ ತಿಂದೆ. ಮೂರನೇ ಸಲ ಶಾಲೆಯ ಕಾಂಪೌಂಡಿನಾಚೆ ನಿಂತು, ಉಳಿದವರು ಒಕ್ಕೊರಲಿನಿಂದ ಓದುವುದನ್ನು ಕೇಳಿಸಿಕೊಂಡೆ. ನಾನಿಲ್ಲದಿದ್ದರೇ ಶಾಲೆಗೆ ಚಂದ ಎಂದು ಆವತ್ತು ಅರ್ಥವಾಯಿತು. ಮತ್ತೆ ಹೋಗಲಿಲ್ಲ. ಆ ಮೇಷ್ಟ್ರಿಗೆ ಬಡ್ತಿ ಸಿಕ್ಕಿತು.

ಆದ್ದರಿಂದ ಶಿಕ್ಷಕರನ್ನು ಯಾರೂ ಪ್ರಶ್ನಿಸಬಾರದು ಎನ್ನುವ ಜಾತಿಯವನು ನಾನಲ್ಲ. ಕೇಳಿ. ಕಟ್ಟುನಿಟ್ಟಾಗಿ ಕೇಳಿ. ನಾನು ಮಾಡಿದ ಕುರ್ಚಿ ಅಲುಗಾಡಿದರೆ ಗಿರಾಕಿ ನನ್ನ ಮುಖಕ್ಕೇ ಹೇಳುತ್ತಾನೆ, ನಾನು ರಿಪೇರಿ ಮಾಡಿಕೊಡಲೇಬೇಕು. ಪಾಠ ಮಾಡುವವರಿಗೂ ಅದು ಇರಲಿ. ನನ್ನ ಮೇಷ್ಟ್ರನ್ನು ಒಬ್ಬನೇ ಒಬ್ಬ ಅಧಿಕಾರಿ “ಆ ಉದ್ದನೆಯ ಹುಡುಗ ಎಲ್ಲಿ?” ಎಂದು ಕೇಳಿದ್ದರೆ ಸಾಕಿತ್ತು. ಯಾರೂ ಕೇಳಲಿಲ್ಲ. ನೀವೂ ಕೇಳುತ್ತಿಲ್ಲ. ಬಂದ ಮಕ್ಕಳನ್ನು ಎಣಿಸುತ್ತೀರಿ, ಬಾರದವರ ಹಾಜರಿ ತೆಗೆದು ನೋಡುವುದಿಲ್ಲ. ನಿಮ್ಮ ನಮೂನೆಯಲ್ಲಿ ನಿಜ ಹೇಳಿದವರು ಸೋಲುತ್ತಾರೆ, ಬಚ್ಚಿಟ್ಟವರು ಗೆಲ್ಲುತ್ತಾರೆ. ಆ ಎರಡನೇ ತರಗತಿ ಮೇಷ್ಟ್ರು ಕೆಟ್ಟವರಲ್ಲ, ಹೆದರಿದವರು. ಹೆದರಿಸಿದವರು ಯಾರು?

ಇನ್ನು ಆ ‘ಅತೃಪ್ತಿಕರ’ ಕೆಲಸದ ವಿಚಾರ. ಅಧಿಕಾರಿ ಬಂದುಹೋಗಿ ನಾಲ್ಕು ತಿಂಗಳಾಯಿತು. ಆಕೆ ದಿನಾ ಶಾಲೆ ಬಿಟ್ಟ ಮೇಲೆ ಒಂಬತ್ತು ಮಕ್ಕಳನ್ನು ಸುತ್ತ ಕೂರಿಸಿಕೊಳ್ಳುತ್ತಾಳೆ. ನನ್ನ ಹತ್ತಿರ ಕಟ್ಟಿಗೆಯ ಚೂರುಗಳನ್ನು ಕೇಳಿ ಪಡೆದು ಅಕ್ಷರ ಬರೆದಿದ್ದಾಳೆ. ಮಕ್ಕಳು ಜೋಡಿಸಿ, ಕೆಡವಿ, ಜಗಳವಾಡಿ ಓದುತ್ತಾರೆ. ಇವತ್ತಿಗೆ ಆರು ಮಂದಿ ತಾವಾಗಿಯೇ ಓದುತ್ತಾರೆ. ಇದಕ್ಕೆ ನಿಮ್ಮ ನಮೂನೆಯಲ್ಲಿ ಜಾಗ ಎಲ್ಲಿದೆ? ನಾನು ಹುಡುಕಿದೆ, ಸಿಗಲಿಲ್ಲ. ಚಿತ್ರಪಟಗಳ ಸಂಖ್ಯೆಗೆ ಮಾತ್ರ ಎರಡು ಸಾಲಿದೆ.

ಇನ್ನು ನನ್ನ ಬೇಡಿಕೆ. ಸೋಮವಾರಕ್ಕೆ ಮೊದಲು ಆ ಆದೇಶ ತಡೆಹಿಡಿಯಿರಿ. ಆಮೇಲೆ ನೀವೇ ಬನ್ನಿ, ಫೋನು ಮಾಡದೆ. ಹಿಂದಿನ ಸಾಲಿನ ಬೆಂಚಿನಲ್ಲಿ ಇಡೀ ದಿನ ಕೂತುಕೊಳ್ಳಿ, ಗಟ್ಟಿಯಾಗಿದೆ, ನಾನೇ ಕಾಲು ಕೂರಿಸಿದ್ದು. ವರ್ಷದ ಆರಂಭದಲ್ಲಿ ಮಗು ಎಲ್ಲಿತ್ತು, ಈಗ ಎಲ್ಲಿದೆ ಎಂದು ಅಳೆಯಿರಿ. ಅವತ್ತು ಯಾವ ಮಗು ಗೈರುಹಾಜರೋ ಅದರ ಮನೆಗೆ ಹೋಗಿ ಬಾಗಿಲು ತಟ್ಟಿ. ಆಗಲೂ ಆಕೆಯ ಕೆಲಸ ಅತೃಪ್ತಿಕರ ಎಂದು ಕಂಡರೆ, ನಾನೇ ಆಕೆಯ ಕುರ್ಚಿ ಹೊತ್ತು ನಿಮ್ಮ ಕಚೇರಿಗೆ ತಂದಿಡುತ್ತೇನೆ.

ನಿಮ್ಮ ಆದೇಶವನ್ನು ನಿನ್ನೆ ಶಾಲೆಯ ಬಾಗಿಲಿಗೆ ಅಂಟಿಸಿದರು. ಮೊಮ್ಮಗಳನ್ನು ಕರೆತರಲು ಹೋದ ನಾನು ಕನ್ನಡಕ ಮರೆತಿದ್ದೆ. “ಏನದು, ಓದು ನೋಡೋಣ” ಎಂದೆ. ಅವಳು ತುದಿಗಾಲಲ್ಲಿ ನಿಂತು, ಬೆರಳಿಟ್ಟು ಓದಿದಳು. ‘ಅತೃಪ್ತಿಕರ’ ಎಂಬಲ್ಲಿ ಎರಡು ಸಲ ತಡವರಿಸಿ, ಮೂರನೇ ಸಲಕ್ಕೆ ದಾಟಿದಳು. ತಲೆಬರಹದಿಂದ ನಿಮ್ಮ ಸಹಿಯ ತನಕ, ಒಂದಕ್ಷರ ಬಿಡದೆ. ಸೋಮವಾರದಿಂದ ಮೂರನೇ ತರಗತಿಯನ್ನು ಹೋದ ವರ್ಷದ ಮೇಷ್ಟ್ರೇ ನೋಡಿಕೊಳ್ಳುತ್ತಾರೆ ಎಂಬ ಕೊನೆಯ ಸಾಲು ನನಗೆ ತಿಳಿದದ್ದು ಅವಳ ಬಾಯಿಂದ.

ಓದಿ ಮುಗಿಸಿ ನನ್ನ ಕೈ ಹಿಡಿದಳು. ಬೀದಿಯ ಕೊನೆಯವರೆಗೂ ನಡೆದೆವು. ಆಮೇಲೆ ಕೇಳಿದಳು:

“ಅಜ್ಜ, ಹಂಗಾದ್ರೆ ನಂಗೆ ಮತ್ತೆ ಹೊಟ್ಟೆನೋವು ಬರುತ್ತಾ?”

ಉತ್ತರ ನೀವು ಕೊಡಿ.

ಇಂತಿ,
ಮೂರು ತಪಾಸಣೆಗಳಂದು ಹೊಟ್ಟೆನೋವಿನಿಂದ ಗೈರುಹಾಜರಾಗಿದ್ದ,
ನಿಜ ಬರೆಯಲು ಹೇಳಿ ಒಬ್ಬಳ ಪಾಠದ ಕೆಲಸ ಕಳೆದ,
ನಿಮ್ಮ ಶಾಲೆಯ ಬಡಗಿ