ಕೊರಳ ಗಂಟಿಗೊಂದು ಸೂಜಿ

ಯಮಕನಮರಡಿಯ ಬೀಗತಿ ಭರಮವ್ವನವರಿಗೆ ಮೂಡಲಗಿಯಿಂದ ಗುಡ್ಡವ್ವನ ಶರಣು.

ಮೂರನೆಯ ಇಯತ್ತೆಗೆ ಸಾಲಿ ಬಿಟ್ಟವಳು ಕಾಗದ ಬರೆಯಲು ಕೂತಿದ್ದಾಳೆಂದರೆ ತಪ್ಪು ನಿಮ್ಮದೇ. ಫೋನ್ ಮಾಡಿದರೆ ನನ್ನ ದನಿ ಕೇಳಿದ ಕೂಡಲೇ ‘ಹಾಲು ಉಕ್ಕಾಕತ್ತೈತ್ರಿ’ ಎಂದು ಇಟ್ಟುಬಿಡುತ್ತೀರಿ. ನಿಮ್ಮ ಮನೆಯ ಒಂದು ಎಮ್ಮೆ ಹೊತ್ತುಹೊತ್ತಿಗೂ ಇಷ್ಟು ಹಾಲು ಕೊಡುತ್ತದೆಂದು ನನಗೆ ಗೊತ್ತಿರಲಿಲ್ಲ. ಕಾಗದವನ್ನು ಹಾಗೆ ಇಡಲು ಬರುವುದಿಲ್ಲ. ಮೇಘಾ ಓದಿ ಹೇಳುತ್ತಾಳೆ. ನನಗೂ ಮೊಮ್ಮಗಳು, ನಿಮಗೂ ಮೊಮ್ಮಗಳು. ಒಂದು ಅಕ್ಷರವನ್ನೂ ಬಿಡಬೇಡ, ಅಜ್ಜಿ ಎದ್ದು ಹೋದರೆ ಹಿಂದೆ ಹೋಗಿ ಓದು ಎಂದು ಆಕೆಗೆ ಹೇಳಿದ್ದೇನೆ.

ನಿಮ್ಮ ಕೊರಳಲ್ಲಿ ಗಂಟಾಗಿದೆ. ಮೊದಲು ಹುಣಸೆ ಬೀಜದಷ್ಟಿತ್ತಂತೆ, ಈಗ ಅಡಿಕೆಯಷ್ಟು. ನೀವು ಅದರ ಮೇಲೆ ಸೆರಗು ಎಳೆದುಕೊಂಡು ತಿರುಗುತ್ತೀರೆಂದು ನಿಮ್ಮ ಸೊಸೆ ಹೇಳಿದಳು. ಮನೆಯ ಗುಟ್ಟು ತವರಿಗೆ ಮುಟ್ಟಿಸಿದಳೆಂದು ಮಾಲಾಳ ಮೇಲೆ ಹರಿಹಾಯಬೇಡಿ. ನನ್ನ ಹೊಟ್ಟೆಯಲ್ಲಿ ಹುಟ್ಟಿದವಳು, ಬಾಯಿ ಮುಚ್ಚಿಕೊಂಡಿರಲು ಆಕೆಗೆ ಎಲ್ಲಿಂದ ಬರಬೇಕು?

ಹುಕ್ಕೇರಿಯ ಡಾಕ್ಟರು ಸೂಜಿ ಹಾಕಿ, ಗಂಟಿನೊಳಗಿನದನ್ನು ಒಂದಿಷ್ಟು ತೆಗೆದು ತಪಾಸು ಮಾಡಿಸಿರಿ ಎಂದರೆ ಚಪ್ಪಲಿ ಮೆಟ್ಟಿ ಹೊರಗೆ ಬಂದಿರಂತೆ. ‘ಸೂಜಿ ಚುಚ್ಚಿದ್ರ ಗಂಟು ಮೈತುಂಬ ಹರಡತೈತಿ, ಕಾಶಿನಾಥನ ಅವ್ವ ಹಂಗ ಹೋದ್ಲು’ ಎಂದು ಓಣಿಗೆಲ್ಲ ಹೇಳುತ್ತಿದ್ದೀರಿ. ಕಾಶಿನಾಥನ ಅವ್ವ ಸೂಜಿಯಿಂದ ಹೋಗಲಿಲ್ಲ. ಬೂದಿ, ದೇವರ ಭಂಡಾರ, ಬೇರು ಎಲ್ಲ ಹಚ್ಚಿಕೊಂಡು ಕೂತು, ಉಸಿರು ಕಟ್ಟಿದ ಮೇಲೆ ದವಾಖಾನೆಗೆ ಹೋಗಿದ್ದಳು. ಕಳ್ಳತನ ಆದ ಮೇಲೆ ಬಂದ ಪೊಲೀಸನನ್ನೇ ಕಳ್ಳ ಎಂದ ಹಾಗಾಯಿತು ನಿಮ್ಮ ಮಾತು.

ಅದೂ ನಿಮ್ಮ ನೆಪ. ಖರೆ ಕಾರಣ ಬೇರೆ ಇದೆ. ‘ಕೊಳ್ಳಾಗಿಂದು ತಗೀಬೇಕಾಗತೈತೇನವಾ?’ ಎಂದು ನೀವು ಮೇಘಾಳನ್ನು ಮೆಲ್ಲಗೆ ಕೇಳಿದ್ದನ್ನು ಮಾಲಾ ಕೇಳಿಸಿಕೊಂಡಿದ್ದಾಳೆ. ನಿಮ್ಮ ಯಜಮಾನರು ಮಾಯಪ್ಪನವರು ಲಕ್ವಾ ಹೊಡೆದು ಹಾಸಿಗೆ ಹಿಡಿದಿದ್ದಾರೆ. ಅವರು ಹಾಗೆ ಮಲಗಿರುವಾಗ ನೀವು ತಾಳಿ ಬಿಚ್ಚಿಟ್ಟರೆ... ಮುಂದಿನದನ್ನು ನಾನು ಬರೆಯುವುದಿಲ್ಲ. ನಿಮ್ಮ ಮನಸ್ಸಿನೊಳಗೆ ಅದು ದಿನಾ ಓಡಾಡುತ್ತಿದೆ ಎಂದು ಬಲ್ಲೆ. ಹೇಗೆ ಬಲ್ಲೆನೆಂದರೆ, ನನ್ನ ಕೊರಳಲ್ಲೂ ಗಂಟೆದ್ದಿತ್ತು. ನಿಮಗೆ ಹೇಳಿರಲಿಲ್ಲ. ಮಾಲಾಳ ಮದುವೆಯಲ್ಲಿ ನನ್ನ ಮಾದಲಿಗೆ ಬೆಲ್ಲ ಕಡಿಮೆ ಎಂದು ಇಡೀ ಹಂದರಕ್ಕೆ ಸಾರಿದವರಿಗೆ ನನ್ನ ಗಂಟಿನ ಸುದ್ದಿ ಕೊಡಲು ನನಗೇನು ಹುಚ್ಚೇ?

ಈಗ ಕೊಡುತ್ತೇನೆ, ಕೇಳಿ.

ಗೋಕಾಕದ ಒಂದು ದವಾಖಾನೆಗೆ ಗುರುವಾರ ಗುರುವಾರ ಯಶೋಧರಾ ಎಂಬ ಡಾಕ್ಟರು ಬರುತ್ತಾಳೆ. ಬೆಲ್ಲದ ಬಾಗೇವಾಡಿಯ ಹುಡುಗಿ, ಕೂಲಿ ಮಾಡಿದವರ ಮಗಳು. ಆಕೆಯ ಹತ್ತಿರ ಒಂದು ಯಂತ್ರವಿದೆ. ಬಸುರಿಯರ ಹೊಟ್ಟೆ ನೋಡುವ ಸ್ಕ್ಯಾನಿಂಗ್ ಇರುತ್ತದಲ್ಲ, ಅದೇ. ಕೊರಳಿಗೆ ತಣ್ಣನೆಯ ಲೋಳೆ ಹಚ್ಚಿ, ಮೇಲೆ ಹಿಡಿಕೆಯೊಂದನ್ನು ಆಡಿಸುತ್ತಾರೆ. ಟೀವಿಯಲ್ಲಿ ಬೂದಿ ಬಣ್ಣದ ಮೋಡ ಏಳುತ್ತದೆ. ಇದರಲ್ಲಿ ಹೊಸದೆಂದರೆ, ಬಾಜೂ ಇರುವ ಕಂಪ್ಯೂಟರ್ ಆ ಮೋಡವನ್ನು ತಾನೇ ಓದುತ್ತದೆ. ಗಂಟಿನ ಸುತ್ತ ಹಳದಿ ಗೆರೆ ಹಾಕುತ್ತದೆ. ತಲೆಗೆ ನೆತ್ತರು ಒಯ್ಯುವ ದೊಡ್ಡ ನಳಿಗೆಗೆ ಕೆಂಪು ಬಳಿಯುತ್ತದೆ. ಸೂಜಿ ಆ ಕೆಂಪಿಗೆ ತಾಗದಂತೆ ಗಂಟು ಮುಟ್ಟಲು ಎಲ್ಲಿ ದಾರಿಯೋ ಅಲ್ಲಿ ಹಸಿರು ಗೆರೆ ಎಳೆಯುತ್ತದೆ.

ಇದಕ್ಕೆ ಇದನ್ನೆಲ್ಲ ಯಾರು ಕಲಿಸಿದರು ಎಂದು ಕೇಳಿದೆ. ಸಾವಿರಾರು ಮಂದಿಯ ಕೊರಳಿನ ಚಿತ್ರ ತೋರಿಸಿ ತೋರಿಸಿ ಕಲಿಸಿದ್ದಾರಂತೆ. ನಮ್ಮ ಮಾಸ್ತರರೂ ಹಾಗೇ ತೋರಿಸಿ ತೋರಿಸಿ ಕಲಿಸಿದ್ದರು, ನನಗೆ ಮಗ್ಗಿ ಹತ್ತಲಿಲ್ಲ ಎಂದೆ. ಆಕೆ ನಕ್ಕಳು. ‘ಅದು ದಾರಿ ಅಷ್ಟ ತೋರಸತೈತ್ರಿ ಆಯಿ. ಕೈ ನಂದ ಇರತೈತಿ.’

ನಂದಾ ಎಂಬ ನರ್ಸಬಾಯಿ ಒಳಗೆ ಕರೆದೊಯ್ದು, ಕೊರಳಲ್ಲಿರುವುದನ್ನೆಲ್ಲ ತೆಗೆಯಿರಿ ಎಂದು ಡಬ್ಬಿ ಕೊಟ್ಟಳು. ಬೋರಮಾಳ ಸರ ತೆಗೆದು ಅದರಲ್ಲಿ ಹಾಕಿದೆ. ತಾಳಿಯನ್ನು ಎಳೆದು ಬಗಲಿಗೆ ಸಿಕ್ಕಿಸಿ, ಕರಿಮಣಿಯ ದಾರವನ್ನು ಹೆಗಲ ಕಡೆ ಸರಿಸಿ, ದವಾಖಾನೆಯ ಬಟ್ಟೆ ಹೊದ್ದು ಮಲಗಿದೆ. ‘ಎಲ್ಲಾ ತಗದ್ರೇನ್ರಿ?’ ಎಂದಳು. ‘ತಗದೆ’ ಎಂದೆ. ನೀವಿದ್ದರೂ ಅದನ್ನೇ ಮಾಡುತ್ತಿದ್ದಿರಿ, ಸುಮ್ಮನೆ ಮುಖ ತಿರುಗಿಸಬೇಡಿ.

ಹೆಗಲ ಕೆಳಗೆ ದಿಂಬು ಕೊಟ್ಟರು. ತಲೆ ಹಿಂದಕ್ಕೆ ಬಾಗಿತು, ಕೊರಳು ಮೇಲೆದ್ದಿತು. ಬಲಿಗೆ ಒಯ್ದ ಕುರಿ ನೆನಪಾಯಿತು. ಸೂಜಿ ಒಳಗಿರುವಾಗ ಮಾತಾಡಬಾರದು, ಕೆಮ್ಮಬಾರದು, ಉಗುಳು ಸಹ ನುಂಗಬಾರದು ಎಂದರು. ನುಂಗಿದರೆ ಗಂಟು ಮೇಲೆ ಕೆಳಗೆ ಓಡುತ್ತದಂತೆ. ನನಗೆ ಮಾತಾಡಬೇಡ ಎಂದವರಲ್ಲಿ ನನ್ನ ಅತ್ತೆಯೂ ಗೆದ್ದಿರಲಿಲ್ಲ. ಆ ಹೊತ್ತು ಮಾತ್ರ ನಾಲಿಗೆ ಅಂಗುಳಕ್ಕೆ ಅಂಟಿಕೊಂಡಿತು. ಮುಖವನ್ನು ಎಡಕ್ಕೆ ತಿರುಗಿಸಿರಿ ಎಂದರು, ತಿರುಗಿಸಿದೆ. ಬಟ್ಟೆಯ ಕೆಳಗೆ ದಾರ ಜಾರಿದ್ದು ತಿಳಿಯಿತು. ಆಗಲೇ ಹೇಳಬೇಕಿತ್ತು. ಅಷ್ಟರಲ್ಲಿ ಚುರುಕ್ ಎಂದು ಸೂಜಿ ತೊಗಲು ದಾಟಿಬಿಟ್ಟಿತ್ತು.

ಟೀವಿ ನನ್ನ ಕಣ್ಣೆದುರೇ ಇತ್ತು. ಕೆಂಪು ನಳಿಗೆ ಎದೆಯ ಬಡಿತಕ್ಕೆ ಸರಿಯಾಗಿ ಮಿಡಿಯುತ್ತಿತ್ತು. ನೋಡುತ್ತಿದ್ದಂತೆ ಅಲ್ಲೊಂದು ಕಪ್ಪು ಪಟ್ಟಿ ಇಳಿಯಿತು, ಕೆಂಪು ಮಾಯವಾಯಿತು. ಹಸಿರು ಗೆರೆ ಸರ್ರನೆ ಸರಿದು, ಕೆಂಪು ಇದ್ದ ಜಾಗದ ಮೇಲೇ ನೆಟ್ಟಗೆ ನಿಂತಿತು. ದಾರಿ ಬಂದಿದೆ ಎಂದು ನಂದಾ ಹೇಳಿದಳು. ಯಶೋಧರಾಳ ಕೈ ನಿಂತುಬಿಟ್ಟಿತು. ಕೂಗೋಣವೆಂದರೆ ಸೂಜಿ ಕೊರಳೊಳಗಿದೆ. ಬಾಯ್ತುಂಬ ಉಗುಳು. ಭರಮವ್ವಾ, ಜೀವಮಾನದಲ್ಲಿ ನಾನು ನುಂಗದೇ ಉಳಿಸಿದ್ದು ಅದೊಂದೇ.

‘ಈಗ ಇದ್ದ ನಳಿಗಿ ಎಲ್ಲಿ ಹೋತು?’ ಎಂದು ಆಕೆ ತನಗೆ ತಾನೇ ಅಂದುಕೊಂಡಳು. ಸೂಜಿಯನ್ನು ಮೆಲ್ಲಗೆ ಹಿಂದೆ ತೆಗೆದಳು. ಹಿಡಿಕೆ ಎತ್ತಿ ನೋಡಿದರೆ ಲೋಳೆಯಲ್ಲಿ ನನ್ನ ತಾಳಿಸರದ ಬಂಗಾರದ ಗುಂಡು ಕೂತಿತ್ತು.

ಬೈಯುತ್ತಾಳೆಂದು ಕಾದೆ. ಬೈಯಲಿಲ್ಲ. ಬೆವರು ಒರೆಸಿಕೊಂಡು ಸ್ಟೂಲಿನ ಮೇಲೆ ಕೂತಳು. ‘ಆಯಿ, ಗುಂಡು ಅಡ್ಡ ಬಂದ್ರ ಅದರ ನೆರಳಿನಾಗ ನಳಿಗಿ ಮುಚ್ಚಿ ಹೋಗತೈತಿ. ಈ ಯಂತ್ರ ಕಲ್ತಿದ್ದೆಲ್ಲಾ ಬರೀ ಕೊಳ್ಳ ನೋಡಿ. ತಾಳಿ ಇದ್ದ ಕೊಳ್ಳ ಅದಕ್ಕ ಯಾರೂ ತೋರಿಸಿಲ್ಲ. ಕಾಣಲಾರದ್ದು ಇಲ್ಲೇ ಇಲ್ಲ ಅಂತ ತಿಳಕೊಂಡು ದಾರಿ ಬರದು ಕೊಟ್ತು. ನಾ ಅದನ್ನ ನಂಬಿ ಕೈ ಒತ್ತಿದ್ದರ...’ ಅಲ್ಲಿಗೆ ಬಿಟ್ಟಳು.

ಕಾಣದ್ದು ಇಲ್ಲವೇ ಇಲ್ಲ. ಸೆರಗು ಎಳೆದುಕೊಂಡ ನೀವೂ ಅದೇ ಪಾಠ ಕಲಿತವರು. ಯಂತ್ರಕ್ಕಾದರೂ ಒಂದು ನೆವ ಇತ್ತು.

ಆಮೇಲೆ ನಮ್ಮ ಯಜಮಾನರನ್ನು ಒಳಗೆ ಕರೆಸಿದರು. ನಡೆದದ್ದನ್ನು ಕೇಳಿ ಉದ್ದಪ್ಪನವರು ನನ್ನ ಕಡೆ ತಿರುಗಿ, ‘ಕಟ್ಟಿದಾಂವ ನಾನ, ಬಿಚ್ಚಾಂವನೂ ನಾನ. ನಾ ಬದಕಿರಲಿ ಅಂತ ನೀ ಸತ್ರ ನನಗ ರೊಟ್ಟಿ ಬಡಿಯಾವ್ರ್ಯಾರು?’ ಎಂದರು. ಇಷ್ಟು ವರ್ಷಕ್ಕೆ ನನ್ನ ಮೇಲಿನ ಪ್ರೀತಿ ಆಡಿ ತೋರಿಸಿದ್ದು ಇಷ್ಟೇ, ಅದರಲ್ಲೂ ರೊಟ್ಟಿ ಬಂತು. ಪತ್ತಾರನಿಗೆ ತಾಳಿ ಪೋಣಿಸಲು ಕೊಟ್ಟಾಗ ಅರಿಷಿಣ ಕೊಂಬು ಕಟ್ಟಿಕೊಳ್ಳುತ್ತೇವಲ್ಲ, ಅದನ್ನು ಅವರೇ ನೆನಪು ಮಾಡಿದರು. ಎದುರಿನ ಕಿರಾಣಿ ಅಂಗಡಿಗೆ ಹೋಗಿ ಕೊಂಬು ತಂದರು. ದಾರ ಇರಲಿಲ್ಲ, ನಂದಾ ಬ್ಯಾಂಡೇಜಿನ ಪಟ್ಟಿ ಹರಿದು ಕೊಟ್ಟಳು. ಅದನ್ನು ನನ್ನ ಮುಂಗೈಗೆ ಕಟ್ಟಿ, ತಾಳಿ ಬಿಚ್ಚಿ ತಮ್ಮ ಅಂಗಿಯ ಜೇಬಿಗೆ ಹಾಕಿಕೊಂಡು, ಬಾಗಿಲ ಹೊರಗೆ ಕೂತು ನನಗೆ ಕೇಳುವಂತೆ ಕೆಮ್ಮುತ್ತಿದ್ದರು. ಇದ್ದೇನೆ ಎಂದು ಗೊತ್ತಾಗಲಿ ಅಂತ.

ಎರಡನೆಯ ಸಲ ಸೂಜಿ ಹೊಕ್ಕಾಗ ಕೆಂಪು ಎಲ್ಲೂ ಹೋಗಲಿಲ್ಲ. ಹಸಿರು ಗೆರೆ ಅದರ ಬಾಜೂ ಜೋಳದ ಕಾಳಿನಷ್ಟು ಜಾಗದಲ್ಲಿ ಹಾದುಹೋಗಿತ್ತು. ಸೂಜಿ ಬಿಳಿ ಕೂದಲಿನ ಹಾಗೆ ಆ ಗೆರೆಗುಂಟ ಇಳಿಯಿತು. ನಡುವೆ ಗಂಟಲು ಕೆರೆದು ಕೆಮ್ಮು ಬರುವಂತಾಯಿತು. ಗೆರೆ ಅಲುಗಿತು, ಆಕೆಯ ಕೈ ಮತ್ತೆ ನಿಂತಿತು. ಹೊರಗೆ ನಮ್ಮವರು ಕೆಮ್ಮಿದರು. ನನ್ನ ಪಾಲಿನದನ್ನೂ ಅವರೇ ಕೆಮ್ಮಿದರೇನೋ, ನನ್ನದು ಇಳಿದುಹೋಯಿತು. ಸೂಜಿ ಹಳದಿ ಸುತ್ತಿನೊಳಗೆ ಹೊಕ್ಕಿತು. ನೋವು ಇರುವೆ ಕಡಿದಷ್ಟು. ನಿಮ್ಮ ಮಗ ಉಮೇಶನಿಗೆ ಮಾಲಾಳನ್ನು ಕೊಟ್ಟ ದಿನ ನೀವು ಆಡಿದ ಮಾತು ಇದಕ್ಕಿಂತ ಆಳ ಚುಚ್ಚಿತ್ತು.

‘ನಿನಗೇನು, ನಿನ್ನ ಗಂಟು ಸುಮ್ಮನಿದ್ದಿರಬೇಕು, ಅದಕ್ಕೇ ಇಷ್ಟು ಮಾತು’ ಎಂದು ಈಗ ಮೇಘಾಳ ಎದುರು ಅನ್ನುತ್ತಿದ್ದೀರಿ. ಸುಮ್ಮನಿರಲಿಲ್ಲ, ಭರಮವ್ವಾ. ತಪಾಸಿನಲ್ಲಿ ಕೆಟ್ಟ ಜಾತಿಯದೇ ಎಂದು ಬಂತು. ಆದರೆ ನಿಧಾನವಾಗಿ ಬೆಳೆಯುವಂಥದು, ಇನ್ನೂ ಮನೆ ಬಿಟ್ಟು ಹೊರಗೆ ಹೋಗಿಲ್ಲ, ಈಗಲೇ ಕತ್ತರಿಸಿದರೆ ಬದುಕುತ್ತೀರಿ ಎಂದು ಯಶೋಧರಾ ಎದುರು ಕೂತು ತಿಳಿಸಿ ಹೇಳಿದಳು. ಮುಂದಿನ ಸೋಮವಾರ ಬೆಳಗಾವಿಯಲ್ಲಿ ನನ್ನ ಕೊರಳು ಕೊಯ್ಯುತ್ತಾರೆ. ಮಾಲಾಳಿಗೂ ಇದು ಈ ಕಾಗದದಿಂದಲೇ ತಿಳಿಯಬೇಕು. ಆಕೆ ಅತ್ತರೆ ನೀವೇ ಸಂಭಾಳಿಸಿರಿ, ಅತ್ತೆ ಎನ್ನಿಸಿಕೊಂಡದ್ದಕ್ಕೆ ಅಷ್ಟಾದರೂ ಮಾಡಿ.

ಸೋಮವಾರದೊಳಗೆ ಒಂದು ಗುರುವಾರ ಇದೆ. ಬುಧವಾರ ಸಂಜೆಯೇ ಉದ್ದಪ್ಪನವರು ನಿಮ್ಮ ಮನೆಗೆ ಬಂದು ಮಾಯಪ್ಪನವರ ಬಾಜೂ ಕೂಡುತ್ತಾರೆ. ಉಣ್ಣಿಸುವುದು, ಹೊರಳಿಸುವುದು ಎಲ್ಲ ಮಾಡುತ್ತಾರೆ. ಮಾಯಪ್ಪನವರ ಎಡಗೈ ಇನ್ನೂ ಓಡಾಡುತ್ತದಲ್ಲ, ಕೊಂಬನ್ನು ಆ ಕೈಯಿಂದಲೇ ಕಟ್ಟಿಸಿಕೊಳ್ಳಿ. ಅವರನ್ನು ಕೇಳಿಯಾದರೂ ನೋಡಿ. ನಿಮ್ಮನ್ನು ಕಳೆದುಕೊಂಡು ಮುತ್ತೈದೆಯ ಗಂಡ ಎನ್ನಿಸಿಕೊಳ್ಳುವ ಆಸೆ ಯಾವ ಗಂಡಸಿಗೂ ಇರುವುದಿಲ್ಲ. ಮುಂಜಾನೆಯ ಬಸ್ಸು ಹಿಡಿಯಿರಿ. ಗೋಕಾಕದ ಸ್ಟ್ಯಾಂಡಿನಲ್ಲಿ ನಾನು ಕಾಯುತ್ತೇನೆ.

ಇಷ್ಟು ವರ್ಷ ರೀ ಹಚ್ಚಿ ಕರೆದೆ, ಇಲ್ಲಿಂದ ಮುಂದೆ ಬಿಡುತ್ತೇನೆ. ನೀ ಬರದಿದ್ದರೆ ಏನಾಗುತ್ತದೆ ಗೊತ್ತೇ? ನನ್ನ ಗಂಟಿನ ಹಿಂದೆಯೇ ದನಿಯ ನರ ಇದೆಯಂತೆ. ಎಷ್ಟು ಜೋಪಾನ ಮಾಡಿದರೂ ಕೆಲವರ ದನಿ ಕುಗ್ಗುತ್ತದೆ, ಕೆಲವರದು ತಿರುಗಿ ಬರುವುದಿಲ್ಲ ಎಂದು ಹೇಳಿಯೇ ಸಹಿ ಹಾಕಿಸಿಕೊಂಡಿದ್ದಾರೆ. ಸಾವಿಗೆ ಅಂಜದವಳು ಆ ಮಾತಿಗೆ ಅಂಜಿದೆ. ಗುರುವಾರ ನನ್ನ ಬಾಯಿ ಇನ್ನೂ ನನ್ನದಿರುತ್ತದೆ. ನಿನ್ನ ಕೈ ಹಿಡಿದು ಒಳಗೆ ಒಯ್ಯುವ ತನಕ, ಸೂಜಿ ಹೊರಗೆ ಬಂದ ಮೇಲೆ ಬಸ್ಸು ಹತ್ತಿಸುವ ತನಕ, ಬೈಯುವುದನ್ನೆಲ್ಲ ಬೈಯುತ್ತೇನೆ. ಆಮೇಲೆ ನನಗೆ ಬೈಯಲು ಬಾರದೇ ಹೋದರೆ, ತಿರುಗಿ ಮಾತಾಡಲು ನೀನಾದರೂ ಬದುಕಿರಬೇಕು. ಇಬ್ಬರಲ್ಲಿ ಒಬ್ಬಳಿಗಾದರೂ ದನಿ ಇರದಿದ್ದರೆ ಮೇಘಾಳ ಮದುವೆಯಲ್ಲಿ ಅವಳ ಬೀಗರ ಬಾಯಿ ಯಾರು ಮುಚ್ಚಿಸಬೇಕು?

ನಿನ್ನದು ಬರೀ ಗಂಟಾಗಿರಲಿ. ಅಲ್ಲವೆಂದಾದರೆ ಅದಾದರೂ ತಿಳಿದೇ ತೀರಲಿ.

ಗುರುವಾರ ಸ್ಟ್ಯಾಂಡಿನಲ್ಲಿ ನಿನ್ನ ದಾರಿ ನೋಡುವ ಬೀಗತಿ,
ಗುಡ್ಡವ್ವ