ತಲೆ ತಗ್ಗಿಸಿದ್ದು ಒಪ್ಪಿಗೆಯಲ್ಲ

ಆಸ್ಪತ್ರೆಯ ಸೂಪರಿಂಟೆಂಡೆಂಟ್ ಸಾಹೇಬರೇ,

ನಾನು ರಾಜಾಜಿನಗರದ ನೀಲಗಂಗಮ್ಮ. ದಾವಣಗೆರೆಯಲ್ಲಿ ಹೈಸ್ಕೂಲು ಮುಗಿಸಿದವಳು, ನಮ್ಮ ಬಡಾವಣೆಯ ಅಕ್ಕನ ಬಳಗದ ಅಧ್ಯಕ್ಷೆ. ನನ್ನನ್ನು ಕೇಳದೆ ನಮ್ಮ ಮನೆಯಲ್ಲಿ ಯಾರಿಗೂ ಕಷಾಯ ಕೂಡ ಕೊಡುವುದಿಲ್ಲ. ಅಂಥ ಮನೆಯ ಮಗನಿಗೆ ನಿಮ್ಮ ವಾರ್ಡಿನಲ್ಲಿ ಹೆಸರಿಲ್ಲದ ಇಂಜೆಕ್ಷನ್ ಚುಚ್ಚುತ್ತಿದ್ದರು. ತುರ್ತು ಪರಿಸ್ಥಿತಿ ಮುಗಿದು ಪತ್ರಿಕೆಗಳು ಮತ್ತೆ ಹೆದರದೆ ಅಚ್ಚು ಹಾಕುತ್ತಿವೆ. ಆದ್ದರಿಂದ ಎಲ್ಲರೂ ಓದುವಂತೆ ಪತ್ರಿಕೆಗೇ ಬರೆಯುತ್ತಿದ್ದೇನೆ.

ನನ್ನ ಮಗ ಗುರುಬಸಪ್ಪ ಕುರುಬರಹಳ್ಳಿಯ ಹತ್ತಿರ ಸ್ಕೂಟರಿನಿಂದ ಬಿದ್ದು ತಲೆಗೆ ಪೆಟ್ಟು ಮಾಡಿಕೊಂಡ. ಕಣ್ಣು ಬಿಡುತ್ತಾನೆ, ತಾಯಿಯ ಗುರುತು ಹಿಡಿಯುವುದಿಲ್ಲ. ಪೆಟ್ಟಾದ ಕಡೆ ಮೆದುಳಿಗೆ ರಕ್ತ ಸಾಲುತ್ತಿಲ್ಲ, ರಕ್ತನಾಳ ಹಿಗ್ಗಿಸುವ ಔಷಧಿ ಕೊಡುತ್ತೇವೆ ಎಂದು ನಿಮ್ಮ ವಾರ್ಡಿನವರು ಹೇಳಿದರು. ಸೀಸೆಯ ಮೇಲೆ ನೋಡಿದರೆ ಬರೀ ಒಂದು ನಂಬರು. ಇದೇನೆಂದು ನಿಮ್ಮ ಚಿಕ್ಕ ಡಾಕ್ಟರನ್ನು ಕೇಳಿದೆ.

“ಇದು ಹೊಸಾ ಪ್ರಯೋಗ ಅಮ್ಮಾ. ಒಳಗೆ ಔಷಧಿ ಇರಬೋದು, ಬರೀ ಉಪ್ಪುನೀರೂ ಇರಬೋದು. ನನಗೂ ಗೊತ್ತಿಲ್ಲ. ಗೊತ್ತಾಗಬಾರದು ಅಂತಾನೇ ಹಾಗೆ ಮಾಡಿರೋದು.”

“ಏನಪ್ಪಾ, ನಿಮಗೆ ಗೊತ್ತಿಲ್ಲ, ನರ್ಸಮ್ಮನಿಗೆ ಗೊತ್ತಿಲ್ಲ, ಮಲಗಿರೋನಿಗೆ ಪ್ರಜ್ಞೆನೇ ನೆಟ್ಟಗಿಲ್ಲ. ಮತ್ತೆ ಯಾರಿಗೆ ಗೊತ್ತು? ಶಿವನಿಗಾ?”

“ಇಲ್ಲಮ್ಮ, ಸೂಪರಿಂಟೆಂಡೆಂಟ್ ಸಾಹೇಬರಿಗೆ.”

ಅಂದರೆ ಗೊತ್ತಿರುವವರು ನೀವೊಬ್ಬರೇ. ವಾರ್ಡಿಗೆ ಕಾಲಿಡದವರೂ ನೀವೇ. ಅದು ಉಪ್ಪುನೀರೆಂದು ನಾನು ನಂಬುವುದಿಲ್ಲ. ಚುಚ್ಚಿದ ಮೇಲೆ ಅವನ ಮುಖ ಕೆಂಪೇರುತ್ತಿತ್ತು, ರಕ್ತದೊತ್ತಡ ಇಳಿಯಿತೆಂದು ನರ್ಸುಗಳು ಓಡಾಡುತ್ತಿದ್ದರು, ಅವನು ಇನ್ನಷ್ಟು ಮಂಕಾಗುತ್ತಿದ್ದ. ನಮ್ಮ ಬೀದಿಯ ತಗ್ಗಿನ ಮನೆಯವರು ನಲ್ಲಿ ಪೂರಾ ತಿರುಗಿಸಿದರೆ ದಿಣ್ಣೆಯ ಮೇಲಿರುವ ನಮಗೆ ಹನಿ ನೀರು ಬರುವುದಿಲ್ಲ. ಹಾಗೆಯೇ ಮೆದುಳಿನ ಚೆನ್ನಾಗಿರುವ ಭಾಗದ ನಾಳಗಳು ಹಿಗ್ಗಿ ಇದ್ದ ರಕ್ತವನ್ನೆಲ್ಲ ಎಳೆದುಕೊಂಡರೆ, ಪೆಟ್ಟಾದ ಭಾಗದ ಗತಿಯೇನು? ಇದನ್ನು ಕೇಳಿದ್ದಕ್ಕೆ ಆ ಡಾಕ್ಟರು, ಒಪ್ಪಿಗೆ ಪಡೆದೇ ಕೊಡುತ್ತಿದ್ದೇವೆ ಎಂದರು.

ಯಾರ ಒಪ್ಪಿಗೆ? ನನ್ನ ಸೊಸೆ ಶಾಂತವ್ವನದಂತೆ!

“ಏನು ಹೇಳಿದೆಯೇ ಅವರಿಗೆ?” ಎಂದೆ.

“ಏನೂ ಹೇಳಲಿಲ್ಲ ಅತ್ತೆ. ವಾರ್ಡಿನ ದೊಡ್ಡ ಡಾಕ್ಟರು ಏನೋ ಇಂಗ್ಲಿಷಲ್ಲಿ ಹೇಳ್ತಾ ಇದ್ರು. ಎದುರಿಗೆ ನೋಡಬಾರದು ಅಂತ ತಲೆ ಬಗ್ಗಿಸಿದೆ.”

ದೊಡ್ಡವರ ಮುಂದೆ ಸೆರಗು ಹೊದ್ದು ತಲೆ ತಗ್ಗಿಸುವುದು ನಮ್ಮ ಮನೆಯ ಮರ್ಯಾದೆ. ಅದನ್ನು ನಿಮ್ಮವರು ಒಪ್ಪಿಗೆ ಎಂದು ಬರೆದುಕೊಂಡರು. ದುಡ್ಡು ಕೊಟ್ಟು ಸ್ಪೆಷಲ್ ವಾರ್ಡಿನಲ್ಲಿ ಮಲಗಿದವರಿಗೂ ಈ ನಂಬರಿನ ಸೀಸೆ ಉಂಟೋ, ಇಲ್ಲ ನಿಮ್ಮ ವಿದ್ಯೆಗೆ ಜನರಲ್ ವಾರ್ಡಿನವರ ತಲೆಗಳೇ ಸಾಕೋ?

ಪ್ರಯೋಗವೇ ಬೇಡ ಎನ್ನುವಷ್ಟು ದಡ್ಡಿ ನಾನಲ್ಲ. ಏನು ಕೊಡುತ್ತೀರಿ, ಅದರಿಂದ ಏನು ಕೆಡಬಹುದು ಎಂದು ಕನ್ನಡದಲ್ಲಿ ಹೇಳಿ. ಮನೆಯವರು ಬಾಯಿಬಿಟ್ಟು ಹೂಂ ಎಂದ ಮೇಲೆ ಸೂಜಿ ಎತ್ತಿ. ನನ್ನ ಮಗನ ಮೈಗೆ ಹೋದದ್ದು ಏನೆಂದು ಇದೇ ಪತ್ರಿಕೆಯಲ್ಲಿ ತಿಳಿಸಿ.

ಆ ಇಂಜೆಕ್ಷನ್ ಬೇಡವೆಂದು ನಿನ್ನೆಯೇ ನಿಲ್ಲಿಸಿದ್ದೇನೆ. ಉಳಿದ ಚಿಕಿತ್ಸೆ ನಡೆದಿದೆ. ಇವತ್ತು ಬೆಳಿಗ್ಗೆ ವಾರ್ಡಿನ ಒಂದೊಂದು ಹಾಸಿಗೆಯ ಬಳಿಗೂ ಹೋಗಿ, ಪಕ್ಕದಲ್ಲಿ ಕೂತಿದ್ದ ತಾಯಂದಿರಿಗೆ, ಹೆಂಡಂದಿರಿಗೆ ಎಲ್ಲವನ್ನೂ ಬಿಡಿಸಿ ಹೇಳಿ ಬಂದಿದ್ದೇನೆ.

ಇಂತಿ,
ಮಗ ‘ಅವ್ವಾ’ ಎನ್ನುವುದಕ್ಕೆ ಕಾದು ಕೂತಿರುವ
ನೀಲಗಂಗಮ್ಮ