ಎತ್ತದ ಹೆಸರು

ಉಲೂರು, ಗುರುವಾರ

ಮಗಳೇ,

ನಿನ್ನ ಕೂಸಿಗೆ ತೀರಿಹೋದ ಅಮ್ಮನ ಹೆಸರಿಡಲೇ ಎಂದು ನೀನು ಕೇಳಿದಾಗ ಹೂಂ ಎನ್ನದೆ, ಊಹೂಂ ಎನ್ನದೆ ಪ್ರವಾಸದ ಬಸ್ಸು ಹತ್ತಿಬಿಟ್ಟೆ. ಅಡಿಲೇಡಿನಲ್ಲಿ ಹದಿನಾಲ್ಕು ವರ್ಷ ಇದ್ದೂ ಈ ಕೆಂಪು ಬಂಡೆಯನ್ನು ಈಗಲೇ ನೋಡಿದ್ದು. ಅದರ ಸುತ್ತ ನಮ್ಮನ್ನು ಕರೆದೊಯ್ದ ಡೊರೀನ್ ಇಲ್ಲಿಯ ಮೂಲನಿವಾಸಿಗಳಾದ ಅನಂಗು ಜನದವಳು. ನನ್ನ ಹರುಕುಮುರುಕು ಇಂಗ್ಲಿಷಿನಲ್ಲಿ ಹೆಂಡತಿ ತೀರಿಕೊಂಡಳು ಎಂದು ಹೇಳುತ್ತ ಅವಳಿಗೆ ಅಮ್ಮನ ಫೋಟೊ ತೋರಿಸಿದೆ. ತಟ್ಟನೆ ಅದನ್ನು ಅಂಗೈಯಿಂದ ಮುಚ್ಚಿದಳು.

“ಹೋಗಿ ಎಷ್ಟು ದಿನ ಆಯ್ತು, ಮುದುಕಪ್ಪಾ?”

“ಎಂಟು ತಿಂಗಳು.”

“ಒಳಗಿಡು ಮಾರಾಯ. ಹೆಸರೂ ಹೇಳ್ಬೇಡ. ದುಃಖ ಆರೋ ತನಕ ನಮ್ಮಲ್ಲಿ ಸತ್ತೋರ ಹೆಸರು ಯಾರೂ ಎತ್ತಲ್ಲ. ನನ್ನ ತಂಗಿಗೂ ಅತ್ತೆಗೂ ಒಂದೇ ಹೆಸರು. ಅತ್ತೆ ಹೋದ್ಮೇಲೆ ತಂಗೀನ ಕುನ್ಮನಾರಾ ಅಂತೀವಿ. ಸತ್ತೋರ ಹೆಸರಿರೋರನ್ನೆಲ್ಲ ಹಾಗೇ ಕರೆಯೋದು.”

“ಅವಳಿಗೆ ಬೇಜಾರಿಲ್ವಾ?”

“ಬೇಜಾರು ಅಂಗಡಿಯವನಿಗೆ! ಕುನ್ಮನಾರಾ ಅಂತ ಕೂಗಿದ್ರೆ ಮೂರು ಜನ ಬರ್ತಾರೆ. ಇನ್ನೆರಡು ವರ್ಷಕ್ಕೆ ಅವಳ ಹೆಸರು ಅವಳಿಗೆ ವಾಪಸ್ ಬರುತ್ತೆ, ಬಿಡು.”

ಎಂಟು ತಿಂಗಳಿಂದ ನಾನು ಆ ಹೆಸರನ್ನು ಬಾಯಿಗೆ ತಂದಿಲ್ಲ. ಅಪ್ಪ ಮರೆತೇಬಿಟ್ಟ ಎಂದು ನೀನು ಅತ್ತಿದ್ದೆ. ಮರೆತಿಲ್ಲ ಮಗಳೇ, ಹೇಳಹೋಗಿ ಮಂಡಿನೋವಿನ ಮಾತೆತ್ತಿಬಿಡುತ್ತೇನೆ.

ಮಂಡಿ ಪರವಾಗಿಲ್ಲ, ನೊಣಗಳ ಕಾಟ ವಿಪರೀತ, ಸಕ್ಕರೆ ಕಾಯಿಲೆಯ ಮಾತ್ರೆ ಸೋಮವಾರದವರೆಗೆ ಸಾಕು.

ಕೂಸಿಗೆ ಅಮ್ಮನ ಹೆಸರನ್ನೇ ಇಡು. ಒಂದೆರಡು ವರ್ಷ ನಾನು ಮಾತ್ರ ಪುಟ್ಟಿ ಎನ್ನುತ್ತೇನೆ, ತಪ್ಪು ತಿಳಿಯಬೇಡ. ಬಸ್ಸಿನವನು ಕೂಗುತ್ತಿದ್ದಾನೆ.

ಅಪ್ಪ